ಎಷ್ಟು ಹೊತ್ತು ಮುಳುಗಿರಬೇಕು

ಜನವರಿ 12

ಅಮ್ಮ,

ತಲುಪಿದ್ದೇನೆ, ಕೈಕಾಲು ನೆಟ್ಟಗಿವೆ. ಪ್ರವಾಹಕ್ಕೆ ಬಿದ್ದ ಫೋನಿನ ಕಂಬಗಳನ್ನು ಇನ್ನೂ ಯಾರೂ ಎತ್ತಿ ನಿಲ್ಲಿಸಿಲ್ಲ. ಸಾಮಾನು ತರುವ ಲಾರಿಯವನ ಕೈಗೆ ಪತ್ರ ಕೊಡುವುದೊಂದೇ ದಾರಿ. ಅವನು ಮರೆತರೆ ಮರೆತ. ಪತ್ರ ತಡವಾಯಿತೆಂದು ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು ನನ್ನ ಆತ್ಮಕ್ಕೆ ಶಾಂತಿ ಕೋರಬೇಡ.

ಪರಿಹಾರದ ಕೆಲಸಕ್ಕೆ ಬಂದ ನಮ್ಮ ತಂಡವನ್ನು ಒಂದು ಶಾಲೆಯಲ್ಲಿ ಇಳಿಸಿದ್ದಾರೆ. ನೀರು ನಿಂತ ಗೆರೆ ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿದೆ. ಕರಿಹಲಗೆಯಲ್ಲಿ ಯಾವುದೋ ಮಗು ಬರೆದ ಮಗ್ಗಿಯ ಮೊದಲ ಸಾಲು ಉಳಿದಿದೆ, ಅದರ ಕೆಳಗೆಲ್ಲ ಒಣಗಿದ ಕೆಸರು. ಆ ಕೋಣೆಯಲ್ಲಿ ನಾವು ಹೆಂಗಸರು ಮಲಗುತ್ತೇವೆ. ಊರಿನವರು ಎದುರಿನ ದಿಬ್ಬದ ಮೇಲೆ ತಗಡಿನ ಶೆಡ್ಡುಗಳಲ್ಲಿದ್ದಾರೆ. ಹಗಲು ತಗಡು ಕಾದು ಒಳಗೆ ಕೂರಲಾಗುವುದಿಲ್ಲ, ಹೊರಗೆ ಕೂತರೆ ನೊಣ.

ಇಲ್ಲಿಯೂ ನನಗೆ ಆಸ್ಪತ್ರೆಯ ಕೆಲಸವೇ. ಕಾಲಿನ ಹುಣ್ಣು ತೊಳೆದು ಪಟ್ಟಿ ಕಟ್ಟುವುದು. ವ್ಯತ್ಯಾಸವೆಂದರೆ ಇಲ್ಲಿ ಕಟ್ಟುವ ಮೊದಲೂ ಪ್ರಾರ್ಥನೆ, ಕಟ್ಟಿದ ಮೇಲೂ ಪ್ರಾರ್ಥನೆ. ನಮ್ಮ ತಂಡದ ಮುಖ್ಯಸ್ಥರನ್ನು ಹಿರಿಯರು ಎಂದು ಕರೆಯಬೇಕು. ವಯಸ್ಸು ನನಗಿಂತ ಹೆಚ್ಚೇನಿಲ್ಲ, ಗಂಟಲು ಮಾತ್ರ ಹಿರಿಯರದು.

ಸಭೆಯಲ್ಲಿ ಮನೆಗೊಂದು ಪ್ರಾರ್ಥನಾ ಚೀಟಿ ಹಂಚಿದ್ದರಲ್ಲ, ಒಂದು ಮನೆಗೆ ಇಲ್ಲಿನ ಒಂದು ಆತ್ಮ ಎಂದು, ನಿನ್ನ ಚೀಟಿಯವಳು ಸಿಕ್ಕಳು. ಬುಟ್ಟಿ ಹೆಣೆಯುವವಳು, ಎಲ್ಲರ ಬಾಯಲ್ಲೂ ಬುಟ್ಟಿಯವಳು. ಗಂಡ ಮೊದಲೇ ಇರಲಿಲ್ಲ. ಇಬ್ಬರು ಮಕ್ಕಳು ನೀರಿಗೆ ಹೋದರು. ಬೆತ್ತ ಸೀಳಿ ಸೀಳಿ ಅವಳ ಬೆರಳ ತುದಿಗಳು ದಪ್ಪಗಟ್ಟಿವೆ. ಈಗ ಹೆಣೆಯುವುದಿಲ್ಲ. ಬೆತ್ತ ಬೆಳೆಯುವುದು ನದಿಯ ದಡದಲ್ಲಿ, ಅವಳು ಆ ಕಡೆ ಹೆಜ್ಜೆ ಇಡುವುದಿಲ್ಲ. ಮೈಮೇಲೆ ನೀರು ಸುರಿದುಕೊಳ್ಳುವುದೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾಳೆ. ತುಂಬಿದ ಬಕೆಟ್ ಕಂಡರೂ ಮುಖ ತಿರುಗಿಸುತ್ತಾಳೆ.

‘ನಮ್ಮಮ್ಮ ದಿನಾ ನಿಮಗೋಸ್ಕರ ಪ್ರಾರ್ಥನೆ ಮಾಡ್ತಾರೆ’ ಎಂದೆ.

‘ಯಾಕೆ?’ ಎಂದಳು.

ಕುಚೋದ್ಯಕ್ಕಲ್ಲ, ನಿಜವಾಗಿಯೇ ಕೇಳಿದಳು. ನಾನು ಹತ್ತಿಯ ಉಂಡೆ ಹುಡುಕುವವಳ ಹಾಗೆ ಚೀಲದೊಳಗೆ ಕೈ ಹಾಕಿ ಕೂತೆ.

ಅಪ್ಪನಿಗೆ ಕೇಳಿದೆನೆಂದು ಹೇಳು.

ನಿನ್ನ ಮಗಳು


ಜನವರಿ 28

ಕರ್ತನಲ್ಲಿ ಪ್ರಿಯ ಮಗಳಿಗೆ,

ನಿನ್ನ ಪತ್ರವನ್ನು ಭಾನುವಾರ ಸಭೆಯಲ್ಲಿ ಓದಿದೆ. ಮೈಕ್ ತಂದರು, ಬೇಡವೆಂದೆ, ನನ್ನ ಗಂಟಲು ನಿನಗೆ ಗೊತ್ತೇ ಇದೆ. ಆದರೆ ಮಗಳೇ, ಪತ್ರದಲ್ಲಿ ಕೆಸರು, ನೊಣ, ಹುಣ್ಣು ಬಿಟ್ಟರೆ ಬೇರೇನಿದೆ? ಮಹಿಮೆಯ ಮಾತು ಒಂದಾದರೂ ಬೇಡವೇ? ಹಿರಿಯರ ಗಂಟಲಿನ ಸಾಲನ್ನು ನುಂಗಿಕೊಂಡೆ. ಆ ಹೆಂಗಸು ‘ಯಾಕೆ’ ಎಂದದ್ದನ್ನೂ ಬಿಟ್ಟೆ. ಅದರ ಬದಲು ‘ಕಣ್ಣೀರು ಹಾಕಿದಳು’ ಎಂದು ಓದಿದೆ. ಹಾಕಿಯೇ ಇರುತ್ತಾಳೆ, ನೀನು ಗಮನಿಸಿರುವುದಿಲ್ಲ.

ಚೀಟಿಯವರ ಫೋಟೋಗಳನ್ನೆಲ್ಲ ಪ್ರಾರ್ಥನಾ ಮಂದಿರದ ಬಾಗಿಲ ಪಕ್ಕ ಹಲಗೆಗೆ ಅಂಟಿಸಿದ್ದಾರೆ. ಯಾರು ದೀಕ್ಷಾಸ್ನಾನ ಪಡೆಯುತ್ತಾರೋ ಅವರ ಫೋಟೋಗೆ ಬಿಳಿ ರಿಬ್ಬನ್. ಬೇಕರಿಯಾಕೆಯ ಚೀಟಿಯವನು ಯಾರೋ ಗಾರೆಯವನಂತೆ, ಅವನು ಆಗಲೇ ಒಪ್ಪಿದ್ದಾನಂತೆ. ಅವಳು ಬೇಕೆಂದೇ ಹಲಗೆಯ ಮುಂದೆ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾಳೆ. ‘ನಿಮ್ಮದು ಸ್ವಲ್ಪ ಗಟ್ಟಿ ಕಾಯಿ ಅನ್ಸತ್ತೆ ಅಕ್ಕ’ ಎಂದಳು. ನಕ್ಕೆ. ಕರ್ತನು ಕ್ಷಮಿಸಲಿ, ಅವಳ ಬನ್ನು ಹಳಸಿದ್ದೆಂದು ಇಬ್ಬರಿಗೆ ಹೇಳಿ ಮನೆಗೆ ಬಂದೆ.

ನಿನ್ನ ಅಪ್ಪನಿಗೂ ಪತ್ರ ಓದಿ ಹೇಳಿದೆ. ‘ಪಾಪ’ ಎಂದು ಕಿವಿಯ ಯಂತ್ರ ತೆಗೆದಿಟ್ಟರು.

ನೀನು ಅಲ್ಲೇ ಇದ್ದೀಯ, ಅವಳ ಪಕ್ಕದಲ್ಲೇ. ಹುಣ್ಣು ಕಟ್ಟುವ ಕೈಗೆ ಒಂದು ಆತ್ಮವನ್ನು ಹಿಡಿದು ತರುವುದು ದೊಡ್ಡದೇ? ಅವಳಿಗೆ ನೀರಿನ ಭಯವಿದ್ದರೆ ಆ ಭಯವನ್ನೇ ನೀರಿನಲ್ಲಿ ಅದ್ದಬೇಕು. ನನ್ನ ಮಾನ ನಿನ್ನ ಕೈಯಲ್ಲಿದೆ, ನೋಡಿಕೋ.

ನಿನಗಾಗಿ ಮೊಣಕಾಲೂರುವ,
ಅಮ್ಮ


ಫೆಬ್ರವರಿ 11

ಅಮ್ಮ,

ಬೇಕರಿಯಾಕೆಯ ಗಾರೆಯವನು ಮುಳುಗಿ ಎದ್ದ. ಇಲ್ಲಿ ತಂಡದವರು ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಚಾವಣಿ ಮೊದಲು ಯಾರ ಮನೆಗೆ ಎಂದು ಹಿರಿಯರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನೀರಿನಿಂದ ಎದ್ದವರ ಮನೆಗೆ ಹೇಗೋ ಚಾವಣಿ ಬೀಳುತ್ತದೆ. ಗಾರೆಯವನಿಗೂ ಬಿತ್ತು. ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ಕೇಳಿದ: ‘ಸಿಸ್ಟರ್, ಇನ್ನೊಂದ್ಸಲ ಮುಳುಗಿದ್ರೆ ಬಾಗಿಲೂ ಹಾಕ್ಸಿ ಕೊಡ್ತಾರಾ?’ ಇದನ್ನು ಸಭೆಯಲ್ಲಿ ಓದು, ಬೇಕರಿಯಾಕೆ ಚಪ್ಪಲಿ ಬಿಟ್ಟು ಓಡುತ್ತಾಳೆ.

ಇನ್ನು ಮುಂದಿನದನ್ನು ಓದಬೇಡ. ಇದು ನಿನಗೆ ಮಾತ್ರ.

ಬುಟ್ಟಿಯವಳು ನಿನ್ನೆ ತಾನಾಗಿಯೇ ಮಾತಾಡಿದಳು. ಅವಳ ಹಿಮ್ಮಡಿಯ ಬಿರುಕಿಗೆ ಮುಲಾಮು ಹಚ್ಚುತ್ತಿದ್ದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

‘ದೊಡ್ಡ ಬುಟ್ಟಿ ಒಂದಿತ್ತು, ಕಾಳು ತುಂಬೋದು. ನಾನೇ ಹೆಣೆದಿದ್ದು, ಒಳಗೆ ಡಾಂಬರು ಬಳಿದಿದ್ದೆ. ನೀರು ಮಾಡಿನ ತನಕ ಬಂದಾಗ ಇಬ್ರನ್ನೂ ಅದ್ರಲ್ಲಿ ಕೂರಿಸ್ದೆ. ತೇಲತ್ತೆ ಅಂತ ನಂಗೆ ಗೊತ್ತಿತ್ತು. ತೇಲ್ತು. ನನ್ನ ಕೈ ಜಾರ್ತು, ಬುಟ್ಟಿ ಹೋಯ್ತು. ಕಣ್ಣಿಗೆ ಕಾಣೋ ತನಕ ಮುಳುಗ್ಲಿಲ್ಲ ಸಿಸ್ಟರ್. ದೊಡ್ಡವಳು ತಮ್ಮನ ತಲೆ ಮೇಲೆ ಕೈ ಇಟ್ಕೊಂಡಿದ್ಲು.’

ಇಬ್ಬರ ದೇಹವೂ ಸಿಕ್ಕಿಲ್ಲ. ‘ಸತ್ರು ಅಂತ ಎಲ್ರೂ ಹೇಳ್ತಾರೆ, ನಾನು ಹೇಳಲ್ಲ. ಹೋದ್ರು, ಅಷ್ಟೇ’ ಎಂದಳು. ಆಮೇಲೆ ಇನ್ನೊಂದು ಕಾಲು ಮುಂದೆ ಚಾಚಿದಳು.

ನಾನು ಹಿರಿಯರ ಹತ್ತಿರ ಹೋಗಿ ಕೇಳಿದೆ. ಇವಳೊಬ್ಬಳಿಗೆ ತಲೆಯ ಮೇಲೆ ನೀರು ಚಿಮುಕಿಸಿದರೆ ಸಾಲದೇ, ಎಷ್ಟೋ ಸಭೆಗಳಲ್ಲಿ ಹಾಗೇ ಮಾಡುವುದಿಲ್ಲವೇ ಎಂದೆ. ‘ಚಿಮುಕಿಸೋದು ತರಕಾರಿಗೆ, ಮನುಷ್ಯರನ್ನ ಮುಳುಗಿಸ್ಬೇಕು’ ಎಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಮ್ಮ, ನಿನ್ನ ಚೀಟಿ ಬದಲಾಯಿಸಿಕೋ. ಇಲ್ಲಿ ಒಬ್ಬಳು ಮುದುಕಿ ಇದ್ದಾಳೆ, ಯಾರು ಕರೆದರೂ ಎಲ್ಲಿಗಾದರೂ ಇಳಿಯುತ್ತಾಳೆ. ನಿನಗೆ ರಿಬ್ಬನ್ ಸಿಗುತ್ತದೆ. ಇವಳನ್ನು ಇವಳ ಪಾಡಿಗೆ ಬಿಡು.

ನಿನ್ನ ಮಗಳು


ಫೆಬ್ರವರಿ 25

ಮಗಳೇ,

ಚೀಟಿ ಬದಲಾಯಿಸಲು ಅದೇನು ಅಂಗಡಿಯಲ್ಲಿ ಕೊಂಡ ಬ್ಲೌಸ್ ಬಟ್ಟೆಯೇ? ಕರ್ತನು ನನ್ನ ಕೈಗೆ ಇಟ್ಟದ್ದು ಅವಳನ್ನು. ನಿನ್ನ ಮುದುಕಿಯನ್ನು ನೀನೇ ಇಟ್ಟುಕೋ.

ನೀನು ನರ್ಸು. ಹುಣ್ಣು ಮುಟ್ಟಿದರೆ ನೋಯುತ್ತದೆಂದು ತೊಳೆಯದೆ ಬಿಡುತ್ತೀಯಾ? ಸುಮ್ಮನೆ ಮುದ್ದು ಮಾಡುತ್ತ ಕೂತರೆ ಅವಳು ಜೀವನವಿಡೀ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ತಗಡಿನ ಕೆಳಗೇ ಇರುತ್ತಾಳೆ. ಕಡೇಪಕ್ಷ ತಲೆಯ ಮೇಲೆ ಚಾವಣಿಯಾದರೂ ಬೇಡವೇ? ನಿನ್ನ ದಯೆಗಿಂತ ನನ್ನ ಹಟವೇ ಅವಳಿಗೆ ಒಳ್ಳೆಯದು.

ಅವಳಿಗೆ ಬಿಳಿ ನಿಲುವಂಗಿ ಹೊಲಿದು ಕಳಿಸಿದ್ದೇನೆ, ಲಾರಿಯಲ್ಲಿ ಬರುತ್ತದೆ. ಫೋಟೋ ನೋಡಿಯೇ ಅಳತೆ ಹಿಡಿದೆ. ಭುಜ ನನ್ನಷ್ಟೇ, ಎದೆ ಒಂದಿಷ್ಟು ಕಡಿಮೆ. ಕೆಳಗಿನ ಅಂಚನ್ನು ಅಗಲ ಮಡಚಿ ಒಳಗೆ ಸೀಸದ ಗುಂಡು ಹಾಕಿ ಹೊಲಿದಿದ್ದೇನೆ, ನೀರಿನಲ್ಲಿ ಬಟ್ಟೆ ಮೇಲೆದ್ದು ಗಂಡಸರ ಮುಂದೆ ಮರ್ಯಾದೆ ಹೋಗಬಾರದು. ಬೇಕರಿಯಾಕೆ ಅವಳ ಗಾರೆಯವನಿಗೆ ಏನು ಕಳಿಸಿದಳಂತೆ? ಬಿಸ್ಕತ್ತು.

ಈ ಪತ್ರದ ಜೊತೆ ಇನ್ನೊಂದು ಹಾಳೆ ಇದೆ. ಅದು ನಿನಗಲ್ಲ, ಅವಳಿಗೆ. ಒಂದಕ್ಷರ ಬಿಡದೆ ಓದಿ ಹೇಳು. ನೀನು ಹೇಳಿದ್ದು ಅವಳ ತಲೆಗೆ ಹೋಗದಿದ್ದರೆ ನಾನು ಹೇಳುತ್ತೇನೆ.

ಅಮ್ಮ

(ಜೊತೆಗಿದ್ದ ಹಾಳೆ)

ತಂಗಿ,

ನೀನು ನನ್ನನ್ನು ನೋಡಿಲ್ಲ. ನಾನು ಬಟ್ಟೆ ಹೊಲಿಯುವವಳು, ನಿನಗೆ ಪಟ್ಟಿ ಕಟ್ಟುವ ಹುಡುಗಿಯ ತಾಯಿ. ಈ ಹುಡುಗಿಗಿಂತ ಮೊದಲು ನನಗೆ ಒಬ್ಬ ಮಗನಿದ್ದ. ನೂಲಿನ ಉರುಳೆಯನ್ನು ಮೇಜಿನ ಕೆಳಗೆ ಉರುಳಿಸಿ ಅದರ ಹಿಂದೆಯೇ ತೆವಳಿ ಹೋಗುವವನು. ನಾನು ಬೇಕೆಂದೇ ಹುಡುಕುವ ಹಾಗೆ ಮಾಡಿದರೆ ಮೇಜಿನ ಕೆಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಜ್ವರ ಬಂತು, ಹೋದ. ಅವನು ಹೋದ ಮೇಲೆ ನಾನು ಹೊಲಿಗೆಯಂತ್ರ ಮುಟ್ಟಲಿಲ್ಲ, ನೀನು ಬೆತ್ತ ಮುಟ್ಟದ ಹಾಗೆ.

ಆಮೇಲೆ ದೀಕ್ಷಾಸ್ನಾನಕ್ಕೆ ಇಳಿದೆ. ಕಣ್ಣು ಮುಚ್ಚಿ ನೀರಿನೊಳಗೆ ಹೋದೆ. ತಂಗಿ, ಅಲ್ಲಿ ಅವನನ್ನು ಕಂಡೆ. ಅವನ ಕೈ ನನ್ನ ಕೆನ್ನೆಗೆ ತಾಗಿತು. ಎದ್ದು ಬಂದಾಗ ಎದೆಯ ಭಾರ ಇಳಿದಿತ್ತು, ಆ ಸಂಜೆಯೇ ಹೊಲಿಯಲು ಕೂತೆ.

ನೀರು ಮಕ್ಕಳನ್ನು ಕಿತ್ತುಕೊಂಡಿತು ಎನ್ನುತ್ತೀಯಂತೆ. ನೀರು ಕರ್ತನದು. ಕೊಟ್ಟವನನ್ನು ಅಲ್ಲಿಯೇ ಹೋಗಿ ಕೇಳು. ಇಳಿದರೆ ಅವರನ್ನು ಕಾಣುತ್ತೀ. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಕೊಡುತ್ತಿರುವ ಮಾತು ಇದು.

ನಿನ್ನ ಅಕ್ಕ


ಮಾರ್ಚ್ 16

ಅಮ್ಮ,

ನಿನ್ನ ಚೀಟಿಯವಳು ಇಳಿದಳು. ರಿಬ್ಬನ್ ಕಟ್ಟಿಕೋ.

ಹಾಳೆಯನ್ನು ಅವಳ ಶೆಡ್ಡಿನಲ್ಲಿ ಕೂತು ಓದಿದೆ. ಅರ್ಧಕ್ಕೆ ನಿಲ್ಲಿಸಿದೆ. ನೀರು ಕುಡಿದು ಮತ್ತೆ ಓದಿದೆ. ನಮ್ಮ ಮನೆಯ ಗೋಡೆಯ ಮೇಲೆ ಅಣ್ಣನ ಫೋಟೋ ಇದೆ. ಚಿಕ್ಕವಳಿದ್ದಾಗ ಅದರ ಕೆಳಗೆ ನಿಂತು ಅವನು ಹೇಗಿದ್ದ ಎಂದು ಕೇಳಿದರೆ ನೀನು ‘ಊಟ ತಣ್ಣಗಾಗ್ತಿದೆ’ ಎನ್ನುತ್ತಿದ್ದೆ. ಪ್ರತಿ ಸಲವೂ ಊಟ ತಣ್ಣಗಾಗುತ್ತಿತ್ತು. ಅವನು ನೂಲಿನ ಉರುಳೆಯ ಹಿಂದೆ ತೆವಳುತ್ತಿದ್ದ, ಮೇಜಿನ ಕೆಳಗೆ ನಗುತ್ತಿದ್ದ ಎನ್ನುವುದನ್ನು ನೀನು ನನಗೆ ಹೇಳಲಿಲ್ಲ. ಫೋಟೋದಲ್ಲಷ್ಟೇ ನೋಡಿದ ಹೆಂಗಸಿಗೆ ಹೇಳಿದೆ, ಅದೂ ಒಂದು ರಿಬ್ಬನ್ನಿಗಾಗಿ.

ಅವಳು ಇನ್ನೊಮ್ಮೆ ಓದಿಸಿದಳು. ‘ಕೆನ್ನೆಗೆ ತಾಗಿತು’ ಎಂಬಲ್ಲಿ ತನ್ನ ಕೆನ್ನೆ ಮುಟ್ಟಿಕೊಂಡಳು. ಮರುದಿನ ಹಿರಿಯರ ಮುಂದೆ ಹೋಗಿ ನಿಂತು ‘ಇಳೀತೀನಿ’ ಎಂದಳು. ಹಿರಿಯರಿಗೆ ಆನಂದಬಾಷ್ಪ.

ನಿಲುವಂಗಿ ಸರಿಯಾಗಿ ಹಿಡಿಯಿತು, ನಿನ್ನ ಕಣ್ಣಳತೆ ತಪ್ಪುವುದಿಲ್ಲ. ನದಿಯ ಮೆಟ್ಟಿಲಲ್ಲಿ ನಾನೂ ಹಿರಿಯರೂ ಅವಳನ್ನು ಆಚೀಚೆ ಹಿಡಿದುಕೊಂಡೆವು. ನೀರು ಪಾದಕ್ಕೆ ತಾಗಿದಾಗ ಅವಳ ಮೈ ಎಷ್ಟು ನಡುಗಿತೆಂದರೆ ನನ್ನ ಹಲ್ಲೂ ಕಟಕಟ ಎಂದವು. ಅವಳು ಉಗುರು ಊರಿದ ಗುರುತು ನನ್ನ ಮುಂಗೈಯಲ್ಲಿ ಇನ್ನೂ ಇದೆ. ಹಿಂದಕ್ಕೆ ಹೋಗೋಣವೇ ಎಂದು ಅವಳ ಕಿವಿಯಲ್ಲಿ ಕೇಳಿದೆ. ಬೇಡವೆಂದು ತಲೆಯಾಡಿಸಿದಳು. ಮುಳುಗಿಸಿದೆವು. ನೀರಿನೊಳಗೆ ಅವಳು ಕಣ್ಣು ತೆರೆದಳು, ನನಗೆ ಕಾಣಿಸಿತು. ಆ ಕಡೆ ಈ ಕಡೆ ನೋಡುತ್ತಿದ್ದಳು. ಎತ್ತಿದೆವು. ದಡದಲ್ಲಿ ಹಾಡು, ಚಪ್ಪಾಳೆ.

ಅವಳು ಯಾರನ್ನೂ ನೋಡಲಿಲ್ಲ. ತಾನು ಎದ್ದ ಜಾಗವನ್ನೇ ನೋಡುತ್ತ, ‘ಬೇಗ ಎತ್ಬಿಟ್ರಿ’ ಎಂದಳು.

ಹಿರಿಯರು ಆ ದಿನ ಊಟಕ್ಕೆ ಕೂತಾಗ ಇದನ್ನೇ ಎಲ್ಲರಿಗೂ ಹೇಳಿ ನಗಿಸಿದರು. ಎಂಥ ಹಸಿವು ನೋಡಿ ಆ ಆತ್ಮಕ್ಕೆ ಎಂದರು. ಅವಳಿಗೆ ಚಾವಣಿಯ ಮನೆ ಕೊಟ್ಟಿದ್ದಾರೆ. ಬೀಗದ ಕೈ ಹಿಡಿದುಕೊಂಡೇ ದಿನಾ ನನ್ನ ಹತ್ತಿರ ಬರುತ್ತಾಳೆ. ಹುಣ್ಣಿಲ್ಲ, ಏನಿಲ್ಲ. ಒಂದೇ ಪ್ರಶ್ನೆ.

‘ನಿಮ್ಮಮ್ಮ ಎಷ್ಟು ಹೊತ್ತು ಮುಳುಗಿದ್ರು?’

ನಮ್ಮ ಸಭೆಯಲ್ಲೂ ಎಲ್ಲರನ್ನೂ ತಕ್ಷಣವೇ ಎತ್ತುತ್ತಾರೆ ಎಂದೆ. ನಂಬಲಿಲ್ಲ. ‘ಅಷ್ಟರಲ್ಲಿ ಹೆಂಗೆ ಸಿಗ್ತಾನೆ ಮಗ? ಕೇಳಿ ಹೇಳಿ’ ಎಂದಳು.

ಆದ್ದರಿಂದ ಕೇಳುತ್ತಿದ್ದೇನೆ, ಅವಳಿಗಾಗಿಯೂ ನನಗಾಗಿಯೂ. ನಿಜ ಹೇಳು. ನೀರಿನಲ್ಲಿ ಅಣ್ಣನನ್ನು ಕಂಡೆಯಾ? ಕಾಣಲಿಲ್ಲ ಎಂದಾದರೆ ಅದನ್ನೇ ಬರೆ, ನಾನು ಹೇಗಾದರೂ ಅವಳಿಗೆ ತಿಳಿಸಿ ಸಮಾಧಾನ ಮಾಡುತ್ತೇನೆ. ಇಲ್ಲದಿದ್ದರೆ ಇವಳು ಸುಮ್ಮನಿರುವವಳಲ್ಲ.

ಮಗಳು


ಏಪ್ರಿಲ್ 3

ಕರ್ತನಲ್ಲಿ ಅತಿ ಪ್ರಿಯ ಮಗಳಿಗೆ,

ಸ್ತೋತ್ರ! ಸ್ತೋತ್ರ! ಭಾನುವಾರ ಪಾದ್ರಿಗಳೇ ನನ್ನ ಕೈಗೆ ರಿಬ್ಬನ್ ಕೊಟ್ಟು ‘ನೀವೇ ಕಟ್ಟಿ ಅಮ್ಮ’ ಎಂದರು. ಕಟ್ಟಿದೆ. ‘ಬೇಗ ಎತ್ತಿಬಿಟ್ಟಿರಿ’ ಎಂಬ ಮಾತನ್ನು ಮೈಕಿನಲ್ಲೇ ಹೇಳಿದೆ, ಈ ಸಲ ಮೈಕ್ ತೆಗೆದುಕೊಂಡೆ. ಇಡೀ ಸಭೆ ಹೋ ಎಂದು ಅತ್ತಿತು. ಬೇಕರಿಯಾಕೆಯ ಮುಖದ ನೀರಿಳಿಯಿತು. ಅವಳ ಗಾರೆಯವನು ಬಾಗಿಲು ಕೇಳಿದ್ದನ್ನೂ ಓದೋಣವೆಂದು ನಾಲಿಗೆಯ ತುದಿಗೆ ಬಂತು, ತಡೆದುಕೊಂಡೆ, ಮುಂದಿನ ಭಾನುವಾರಕ್ಕಿರಲಿ.

ನೀನು ಕೇಳಿದ್ದಕ್ಕೆಲ್ಲ ಉತ್ತರಿಸಲು ಈಗ ಪುರುಸೊತ್ತಿಲ್ಲ. ಶಾಲೆಯ ಸಮವಸ್ತ್ರ ಬಂದು ಬಿದ್ದಿದೆ, ಕಾಲಿಡಲು ಜಾಗವಿಲ್ಲ. ನಿನ್ನ ಅಪ್ಪ ಗುಂಡಿ ಹೊಲಿಯುತ್ತಿದ್ದಾರೆ, ಅರ್ಧ ಸೊಟ್ಟ. ದೊಡ್ಡವರಾದ ಮೇಲೂ ತಾಯಿಯನ್ನು ಪೊಲೀಸರ ಹಾಗೆ ವಿಚಾರಣೆ ಮಾಡಬಾರದು.

ಆ ತಂಗಿಗೆ ಮಾತ್ರ ಉತ್ತರ ಕೊಡಬೇಕು, ಬಾಯಿಬಿಟ್ಟು ಕೇಳಿದ್ದಾಳೆ. ಇದನ್ನು ಅವಳಿಗೆ ಓದು:

ತಂಗಿ, ಎಷ್ಟು ಹೊತ್ತು ಎಂದು ಲೆಕ್ಕ ಹಾಕುವವರಿಗೆ ಏನೂ ಕಾಣುವುದಿಲ್ಲ. ನೀನು ಎದ್ದು ಬರುವ ಯೋಚನೆ ಇಟ್ಟುಕೊಂಡೇ ಇಳಿದಿದ್ದೀಯ. ಅರ್ಧ ಮನಸ್ಸಿನಲ್ಲಿ ಬಂದವರಿಗೆ ಕರ್ತನು ಅರ್ಧವನ್ನೇ ತೋರಿಸುತ್ತಾನೆ. ನಾನು ಪೂರ್ತಿ ಒಪ್ಪಿಸಿಕೊಂಡೆ, ಅದಕ್ಕೇ ಕಂಡೆ. ನೀನೂ ಪೂರ್ತಿ ಒಪ್ಪಿಸಿಕೋ. ದಡದ ಕಡೆ ತಿರುಗಿ ನೋಡಬೇಡ.

ಇಷ್ಟೇ. ಚೆನ್ನಾಗಿ ಬಂದಿದೆ, ಅಲ್ಲವೇ? ಪಾದ್ರಿಗಳಿಗೂ ತೋರಿಸಿದೆ, ಮೆಚ್ಚಿಕೊಂಡರು.

ನಿನ್ನ ಹೆಮ್ಮೆಯ,
ಅಮ್ಮ


ಏಪ್ರಿಲ್ 22

ಅಮ್ಮ,

ಬುಟ್ಟಿಯವಳು ಸತ್ತಳು.

ನಿನ್ನ ಸಾಲುಗಳನ್ನು ನಾನೇ ಓದಿದೆ. ಓದಬಾರದೆಂದು ಅನ್ನಿಸಲಿಲ್ಲವೇ ಎಂದರೆ, ಅನ್ನಿಸಿತು. ಆದರೆ ದಿನಾ ಅದೇ ಪ್ರಶ್ನೆ, ಅದೇ ಮುಖ. ಔಷಧಿಯ ಸಾಲಿನಲ್ಲಿ ಜನ ಕಾಯುತ್ತಿರುತ್ತಾರೆ, ಇವಳು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಲಾರಿ ಬಂದ ದಿನ ನನ್ನ ಕೈಯಲ್ಲಿ ನಿನ್ನ ಅಕ್ಷರ ನೋಡಿದಳು, ಓದಲು ಬಾರದಿದ್ದರೂ ಅಕ್ಷರದ ಗುರುತು ಅವಳಿಗೆ ಸಿಕ್ಕಿಬಿಟ್ಟಿತ್ತು. ಬರಿಯ ಉಪದೇಶ, ಇದರಿಂದ ಏನಾಗುತ್ತದೆ, ಇವಳ ಕಾಟ ತಪ್ಪಲಿ ಎಂದು ಓದಿದೆ. ದನಿ ಏರಿಸಿ ಇಳಿಸಿ, ನೀನು ಓದುವ ಹಾಗೇ ಓದಿದೆ.

‘ಹಂಗಾದ್ರೆ ತಪ್ಪು ನಂದೇ’ ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನಗೂ ಹಗುರವಾಯಿತು, ಹೋಗಿ ಕೆಲಸ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ಬಿಳಿ ನಿಲುವಂಗಿ ತೊಟ್ಟು ಒಬ್ಬಳೇ ನದಿಗೆ ಹೋದಳಂತೆ. ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬುಟ್ಟಿಯವಳಿಗೆ ಭಯ ಬಿಟ್ಟುಹೋಯಿತು ನೋಡಿ ಎಂದು ಖುಷಿಪಟ್ಟರಂತೆ. ಒಬ್ಬಳು ಹಾಡು ತೆಗೆದಳಂತೆ, ನಾವು ಕಲಿಸಿದ ಹಾಡು, ಉಳಿದವರು ದನಿಗೂಡಿಸಿದರಂತೆ. ಅವಳು ಹಾಡಿನ ನಡುವೆಯೇ ನಡೆದುಕೊಂಡು ಹೋದಳು. ಹಾಡು ಮುಗಿದ ಮೇಲೆ ಅವರಿಗೆ ಗಾಬರಿಯಾಯಿತು.

ಮಾರನೆಯ ದಿನ ನದಿ ಬಾಗುವಲ್ಲಿ ಸಿಕ್ಕಳು. ಕಾಲು ಜಾರಿತು ಎಂದು ಬರೆಯಬೇಕೆಂದು ಹಿರಿಯರು ನಮಗೆಲ್ಲ ಹೇಳಿದ್ದಾರೆ. ಅವಳ ಮನೆಯನ್ನು ಆಗಲೇ ಬೇರೆಯವರಿಗೆ ಕೊಟ್ಟಾಯಿತು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿದ್ದರೆ ಸಾಕಿತ್ತು, ಒಂದು ಸಾಲು.

ಮಗಳು


ಮೇ 20

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ಕೈಗೆ ಸೂಜಿ ಚುಚ್ಚಿಕೊಂಡಿತ್ತು.

ನೀನು ಆ ಸಾಲುಗಳನ್ನು ಅವಳಿಗೆ ಓದಬಾರದಿತ್ತು. ಅವಳ ಸ್ಥಿತಿ ಹೇಗಿದೆಯೆಂದು ನೋಡುತ್ತಿದ್ದವಳು ನೀನು. ನಾನು ಇಲ್ಲಿ ಹೊಲಿಗೆಯಂತ್ರದ ಮುಂದೆ ಕೂತವಳಿಗೆ ಏನು ಗೊತ್ತಾಗಬೇಕು? ನರ್ಸಾಗಿ ಅಷ್ಟು ಬುದ್ಧಿ ಬೇಡವೇ ನಿನಗೆ? ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡ.

ಸಭೆಯಲ್ಲಿ ಕರ್ತನ ಬಳಿಗೆ ಸೇರಿದಳು ಎಂದು ಹೇಳಿದೆ. ಸುಳ್ಳೇನಲ್ಲ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿದರು, ಬೇಕರಿಯಾಕೆಯೇ ಬಂದು ನನ್ನನ್ನು ತಬ್ಬಿಕೊಂಡಳು. ಪಾದ್ರಿಗಳು ಹೊಸ ಚೀಟಿ ಕೊಟ್ಟಿದ್ದಾರೆ. ನಿಮ್ಮ ದಿಬ್ಬದ ಮೇಲೆಯೇ ಇದ್ದಾಳಂತೆ, ಅವಳದೂ ಮಗು ಹೋಗಿದೆಯಂತೆ. ಅವಳಿಗೂ ಒಂದು ಪತ್ರ ಬರೆಯಿರಿ, ನಿಮ್ಮ ಮಾತಿಗೆ ಶಕ್ತಿ ಇದೆ ಎಂದರು. ಬರೆಯಬೇಕು.

ಮಾತು ಕೊಟ್ಟಿದ್ದೆ, ಮಾತು ಉಳಿಯಿತು ಎಂದೇ ನನಗೆ ಅನ್ನಿಸುತ್ತದೆ. ಅವಳಿಗೆ ಬೇಕಿದ್ದದ್ದು ಮಕ್ಕಳು. ಈಗ ಮಕ್ಕಳ ಹತ್ತಿರ ಇದ್ದಾಳೆ. ಅಳುವುದು ಯಾಕೆ?

ನೀನು ಕೇಳಿದ್ದೆಯಲ್ಲ. ನನ್ನನ್ನು ನೀರಿನಲ್ಲಿ ಮುಳುಗಿಸಿದಾಗ ಮೂಗಿಗೆ ನೀರು ಹೋಗಿ ಕೆಮ್ಮು ಬಂತು. ಅಷ್ಟೇ ನೆನಪಿದೆ. ನನ್ನನ್ನೂ ಬೇಗ ಎತ್ತಿಬಿಟ್ಟರು ಎಂದು ಈಗ ಅನ್ನಿಸುತ್ತಿದೆ. ಅವಳು ಪೂರ್ತಿ ಇದ್ದಳು. ಅವಳಿಗೆ ಕಂಡಿರಬೇಕು.

ಒಂದೇ ಒಂದು ಹೇಳು, ಮತ್ತೆ ಏನೂ ಕೇಳುವುದಿಲ್ಲ. ಅವಳನ್ನು ಎತ್ತಿದಾಗ ನೀನು ನೋಡಿದೆಯಾ? ಮುಖ ಹೇಗಿತ್ತು? ಯಾರನ್ನಾದರೂ ಕಂಡವಳ ಹಾಗಿತ್ತೇ? ಅವಳಿಗೆ ಮಕ್ಕಳು ಸಿಕ್ಕಿದ್ದರೆ ನನಗೂ ಮುಂದೊಂದು ದಿನ ಅವನು ಸಿಗುತ್ತಾನೆ. ಮುಚ್ಚಿಡಬೇಡ, ಇದ್ದದ್ದು ಇದ್ದ ಹಾಗೆ ಬರೆ.

ಅಮ್ಮ


ಜೂನ್ 6

ಅಮ್ಮ,

ಅವಳನ್ನು ಎತ್ತಿದಾಗ ಅಲ್ಲೇ ಇದ್ದೆ. ತೊಳೆದವಳೂ ನಾನೇ. ಕೇಳಬೇಕಾದವಳನ್ನೇ ಕೇಳಿದ್ದೀಯ.

ಮೊದಲು ಸುಳ್ಳು ಬರೆದೆ. ಮುಖ ಶಾಂತವಾಗಿತ್ತು, ತುಟಿಯಲ್ಲಿ ನಗೆಯಿತ್ತು ಎಂದೆಲ್ಲ ಒಂದು ಹಾಳೆ ತುಂಬ ಬರೆದೆ. ಲಾರಿಯವನಿಗೆ ಕೊಡಲು ಹೋದಾಗ ನಿನ್ನ ಹೊಸ ಚೀಟಿಯವಳು ಎದುರಿಗೆ ಬಂದಳು. ಕೈಯಲ್ಲಿ ಮಗುವಿನ ಒಂದು ಸಾಕ್ಸ್ ಇರುತ್ತದೆ, ಬೆರಳಿಗೆ ಸುತ್ತಿಕೊಂಡೇ ಓಡಾಡುತ್ತಾಳೆ. ನೀನು ನನ್ನ ಸುಳ್ಳನ್ನು ಓದಿ, ಕಣ್ಣೊರೆಸಿಕೊಂಡು, ಇವಳಿಗೆ ‘ತಂಗಿ’ ಎಂದು ಬರೆಯಲು ಕೂರುವುದು ನನ್ನ ಕಣ್ಣ ಮುಂದೆ ಬಂತು. ಹಾಳೆಯನ್ನು ಹರಿದೆ.

ಇದ್ದದ್ದು ಇದ್ದ ಹಾಗೆ ಕೇಳಿದ್ದೀಯ. ಕೇಳು.

ಬುಟ್ಟಿಯವಳು ಪೂರ್ತಿ ಮನಸ್ಸಿನಿಂದಲೇ ಹೋದಳು. ದಡದ ಕಡೆ ತಿರುಗಿ ನೋಡಲಿಲ್ಲವಂತೆ. ಒಳಗೆ ಹೋದ ಮೇಲೆ ತಿರುಗಿದ್ದಾಳೆ. ನದಿ ಬಾಗುವಲ್ಲಿ ದಡ ಗೋಡೆಯ ಹಾಗೆ ಕಡಿದಾಗಿದೆ. ಅಲ್ಲಿನ ಹಸಿ ಮಣ್ಣಿನಲ್ಲಿ ಬೆರಳುಗಳು ಎಳೆದ ಗೀರುಗಳಿದ್ದವು, ಒಂದರ ಮೇಲೊಂದು, ಹತ್ತಲು ನೋಡಿ ಜಾರಿ ಮತ್ತೆ ಹತ್ತಲು ನೋಡಿದ ಗೀರುಗಳು. ಉಗುರು ಕಿತ್ತು ಬಂದಿದ್ದವು. ಬಾಯಿ ತೆರೆದಿತ್ತು, ತುಂಬ ಮಣ್ಣಿತ್ತು, ಬೆರಳು ಹಾಕಿ ತೆಗೆದೆ. ಕಣ್ಣು ಮುಚ್ಚಲು ನೋಡಿದೆ, ಮುಚ್ಚಲಿಲ್ಲ.

ಯಾರನ್ನೋ ಕಂಡವರ ಮುಖ ಹೇಗಿರುತ್ತದೆಯೋ ನನಗೆ ಗೊತ್ತಿಲ್ಲ. ಕೂಗಿ ಕೂಗಿ ಯಾರೂ ಬಾರದೆ ಹೋದವರ ಮುಖ ಗೊತ್ತು, ಆಸ್ಪತ್ರೆಯಲ್ಲಿ ನೋಡಿದ್ದೇನೆ. ಅವಳದು ಆ ಮುಖ.

ಅವಳಿಗೆ ಅಲ್ಲಿ ಯಾರೂ ಸಿಗಲಿಲ್ಲ ಅಮ್ಮ. ನಿನಗೂ ಸಿಗುವುದಿಲ್ಲ.

ಮಗಳು